ಕೆರೆಯ ಲೆಕ್ಕಕ್ಕೆ ಸಿಗದ ಮೀನು

ಕಣ್ಣಿನ ಡಾಕ್ಟರರ ಬಾಗಿಲ ಹೊರಗೆ ಮುದುಕಿಯೊಬ್ಬಳು ಕಣ್ಣಿಗೆ ಹನಿ ಹಾಕಿಸಿಕೊಂಡು, ರೆಪ್ಪೆ ಮುಚ್ಚಿ, ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತ ಕೂತಿದ್ದಳು. ಅಣ್ಣ ತಂಗಿ ಇಬ್ಬರು ಬಂದು ಅವಳ ಪಕ್ಕದ ಬೆಂಚಿನಲ್ಲಿ ಕೂತರು. ಅಣ್ಣನ ಮೈಯಿಂದ ಒದ್ದೆ ಬಲೆಯ ವಾಸನೆ ಬರುತ್ತಿತ್ತು.

“ಇನ್ನೂ ಒಂದು ವರ್ಷ ಕೆರೆಯಲ್ಲಿ ಮೀನು ಹಿಡೀಬಾರದಂತಲ್ಲೇ. ನಿಮ್ಮ ಮೀನುಗಾರಿಕೆ ಆಫೀಸಲ್ಲಿ ನಿನ್ನ ಕಂಪ್ಯೂಟರ್ ಹೇಳ್ತಂತೆ.”

“ಹೌದಣ್ಣ. ವರ್ಷದಿಂದ ಬಲೆ ಹಾಕೋದು ನಿಲ್ಲಿಸಿದ್ರೂ ಮೀನು ಹೆಚ್ಚಿಲ್ಲ. ಕೆರೆಗೇ ಏನೋ ರೋಗ ಅಂತ ಲೆಕ್ಕ ತೋರಿಸ್ತಿದೆ.”

“ಕೆರೆಗೆ ಏನೂ ಆಗಿಲ್ಲ ಮಾರಾಯ್ತಿ.”

“ನಿಂಗೆ ಹೇಗೆ ಗೊತ್ತು?”

ಬೆಂಚು ಕಿರುಗುಟ್ಟಿತು.

“ನಾವು ಹಿಡೀತಾನೇ ಇದ್ವಿ. ಕದ್ದು.”

“ಅಯ್ಯೋ. ಯಾರೂ ಹಿಡಿದಿಲ್ಲ ಅಂತ ಮೀನುಗಾರರ ಸಂಘದ ಪರವಾಗಿ ನೀನೇ ಸಹಿ ಹಾಕಿದ್ದೆಯಲ್ಲ. ನೀವು ಮಾರಿದ ಮೀನನ್ನೆಲ್ಲ ನನ್ನ ಲೆಕ್ಕ ರೋಗಕ್ಕೆ ಸತ್ತವು ಅಂದ್ಕೊಂಡಿದೆ.”

“ನಮ್ಮ ತಲೆ ಮೇಲೆ ನಾವೇ ಕಲ್ಲು ಹಾಕ್ಕೊಂಡ್ವಿ ಅನ್ನು.”

“ನಿಜ ಹೇಳಿದ್ರೆ ಲೆಕ್ಕ ತಿದ್ತೀನಿ. ಕೆರೆ ತೆರೀಬಹುದು. ಆದ್ರೆ ಸಹಿ ಹಾಕಿದವನು ನೀನು. ನಿನ್ನ ಲೈಸೆನ್ಸ್ ಹೋಗುತ್ತೆ.”

“ಉಳಿದವರದ್ದು?”

“ಉಳಿಯುತ್ತೆ.”



“ಸಾಕಾಗಿದೆ ಕಣೇ. ರಾತ್ರಿ ಹೊತ್ತು ದೀಪ ಹಚ್ಚದೆ ಬಲೆ ಎಳೆದೂ ಎಳೆದೂ ಈ ಕಣ್ಣೂ ಹೋಯ್ತು.”

ನರ್ಸು ಒಳಗಿನಿಂದ ಕರೆದಳು.

“ಮೊದಲು ಈ ಕಣ್ಣು ತೋರಿಸಿ ಬರೋಣ. ಆಮೇಲೆ ನಿಮ್ಮ ಆಫೀಸಿಗೇ ಕರ್ಕೊಂಡು ಹೋಗು, ನಿಜ ಹೇಳಿಬಿಡ್ತೀನಿ. ಮೆಟ್ಟಿಲು ಕಾಣಲ್ಲ, ಕೈ ಹಿಡ್ಕೋ.”

ಹೆಜ್ಜೆ ಸದ್ದು ಬಾಗಿಲು ದಾಟಿತು. ತಾನು ಮುಖವನ್ನೇ ನೋಡದ ಆ ಮನುಷ್ಯನ ಸಲುವಾಗಿ ಮುದುಕಿ ದೇವರನ್ನು ಇನ್ನೊಂದು ಸಲ ನೆನೆದಳು.