ಮೊದಲ ಬಕೆಟ್ ಬಿಸಿನೀರು

ಮಾನ್ಯ ಅಧ್ಯಕ್ಷರೇ, ಇಷ್ಟು ಹೊತ್ತು ಸೂರ್ಯನ ಗುಣಗಾನ ಮಾಡಿ ಈಗ ಬೆವರು ಒರೆಸಿಕೊಳ್ಳುತ್ತಿರುವ ಮುಖ್ಯ ಅತಿಥಿಗಳಾದ ಇಂಜಿನಿಯರ್ ಸಾಹೇಬರೇ, ಸೋಲಾರ್ ಮತ್ತು ನಲ್ಲಿ ಕೆಲಸಗಾರರ ಸಂಘದ ಪದಾಧಿಕಾರಿಗಳೇ, ಸ್ಪ್ಯಾನರ್ ಕೆಳಗಿಟ್ಟು ಕೈ ತೊಳೆದುಕೊಂಡು ಬಂದಿರುವ ನನ್ನ ಕಸುಬಿನ ಗೆಳೆಯರೇ, ಎರಡನೆಯ ಸಾಲಿನಲ್ಲಿ ಕುಳಿತಿರುವ ನನ್ನ ಅಕ್ಕ, ಹಾಗೂ ಎಲ್ಲ ಸಭಿಕರೇ,

ಈ ಫಲಕವನ್ನು ಕೈಗೆ ಕೊಟ್ಟಾಗ ನಾನು ಮೊದಲು ಅದರ ತೂಕ ನೋಡಿದೆ. ಕಸುಬಿನ ಚಾಳಿ, ಕ್ಷಮಿಸಬೇಕು. ಆಮೇಲೆ ಓದಿದೆ. ‘ಇಪ್ಪತ್ತೈದು ವರ್ಷ, ಸಾವಿರದ ಇನ್ನೂರು ಮನೆ, ಒಂದೂ ಅಪಘಾತವಿಲ್ಲ’ ಎಂದು ಬರೆಸಿದ್ದೀರಿ. ಎರಡು ಮಾತಾಡಿ ಕುಳಿತುಕೊಳ್ಳಿ ಎಂದು ಅಧ್ಯಕ್ಷರು ಕಿವಿಯಲ್ಲಿ ಹೇಳಿದ್ದಾರೆ. ಅವರೇ ನಲವತ್ತು ನಿಮಿಷ ಮಾತಾಡಿರುವುದರಿಂದ ನನಗೂ ಒಂದಿಷ್ಟು ಸಲಿಗೆ ಇದೆ ಎಂದುಕೊಂಡಿದ್ದೇನೆ.

ಬಿಸಿಲಿನಲ್ಲಿ ನೀರು ಕಾಯಿಸುವುದು ಏನು ಮಹಾ ವಿದ್ಯೆ? ತಾರಸಿಯ ಮೇಲೆ ಸಾಲಾಗಿ ಗಾಜಿನ ಕೊಳವೆಗಳು, ಅವುಗಳ ತಲೆಯ ಮೇಲೊಂದು ಟ್ಯಾಂಕು. ತಣ್ಣೀರು ಭಾರ, ಕೆಳಗಿಳಿಯುತ್ತದೆ. ಬಿಸಿನೀರು ಹಗುರ, ಮೇಲೇರುತ್ತದೆ. ಪಂಪು ಬೇಡ, ಕರೆಂಟು ಬೇಡ, ಯಾರ ಶಿಫಾರಸೂ ಬೇಡ. ಆದರೆ ಟ್ಯಾಂಕಿನ ನೆತ್ತಿಯಿಂದ ಒಂದು ಸಣ್ಣ ಪೈಪು ಮೇಲಕ್ಕೆದ್ದು ಆಕಾಶಕ್ಕೆ ಬಾಯಿ ತೆರೆದು ನಿಂತಿರುತ್ತದೆ, ನೋಡಿದ್ದೀರಾ? ಅದು ಗಾಳಿ ಪೈಪು. ನೀರು ಕುದಿದರೆ ಆವಿ ಹೊರಗೆ ಹೋಗುವುದು ಅದರಲ್ಲಿ. ಮನೆಯವರಿಗೆ ಅದನ್ನು ಕಂಡರೆ ಆಗುವುದಿಲ್ಲ. ತೊಟ್ಟಿಕ್ಕುತ್ತದೆ, ಗೋಡೆಗೆ ಕಲೆಯಾಗುತ್ತದೆ, ಮುಚ್ಚಿಬಿಡಿ ಎನ್ನುತ್ತಾರೆ. ಮುಚ್ಚಬಾರದು. ಹೊಸಬರು ಯಾರಾದರೂ ಇದ್ದರೆ ಇದೊಂದು ಮಾತು ನೆನಪಿಟ್ಟುಕೊಳ್ಳಿ. ಮುಚ್ಚಬಾರದು.

ಈ ಕಸುಬನ್ನು ನನಗೆ ಕಲಿಸಿದವರು ನನ್ನ ಭಾವ, ಅಕ್ಕನ ಯಜಮಾನರು. ನಾನು ಕೆಲಸ ಮಾಡುತ್ತಿದ್ದ ನೂಲಿನ ಗಿರಣಿ ಮುಚ್ಚಿದಾಗ, ಹೆಂಡತಿ ಮಕ್ಕಳೊಂದಿಗೆ ಬೀದಿಗೆ ಬಿದ್ದವನನ್ನು ಕರೆದು, “ಏಣಿ ಹತ್ತೋಕೆ ಬರುತ್ತಾ?” ಎಂದರು. “ಬರುತ್ತೆ ಭಾವ” ಎಂದೆ. “ಇಳಿಯೋಕೆ?” ಎಂದರು. ಅಷ್ಟೇ ಸಂದರ್ಶನ. ಭಾವನಿಗೆ ಒಂದು ಪದ್ಧತಿ ಇತ್ತು, ಹಳಬರಿಗೆ ನೆನಪಿರಬಹುದು. ಇವತ್ತು ಹೀಟರ್ ಕೂರಿಸಿದರೆ ನಾಳೆ ಬೆಳಿಗ್ಗೆ ಆ ಮನೆಗೆ ಹೋಗಿ, ಮೊದಲ ಬಕೆಟ್ ಬಿಸಿನೀರನ್ನು ತಾವೇ ಹಿಡಿಯುತ್ತಿದ್ದರು. ಮೊದಲ ನೀರಿನಲ್ಲಿ ಪೈಪಿನ ಧೂಳು ಇರುತ್ತದೆ, ಅಂಟಿನ ವಾಸನೆ ಇರುತ್ತದೆ, ಅದು ಮನೆಯವರ ಮೈಗೆ ಬೀಳಬಾರದು. ಆ ನೀರಿನಲ್ಲಿ ಮೊಣಕೈವರೆಗೆ ಕೈ ತೊಳೆದು, ಕಾಲು ತೊಳೆದು, ಬಕೆಟ್ಟನ್ನು ಬೋರಲು ಹಾಕಿ, “ಇನ್ನು ನಿಮ್ಮದು” ಎಂದು ಹೇಳಿ ಹೊರಡುತ್ತಿದ್ದರು. ಅವರು ಹೇಳಿಕೊಟ್ಟ ಇನ್ನೊಂದು ವಿಷಯ: ಬಿಸಿನೀರಿನ ಪೈಪು ನೀರು ಬಿಟ್ಟಾಗ ಮಾತ್ರ ಬಿಸಿಯಾಗುತ್ತದೆ. ಮುಟ್ಟಿ ನೋಡಿದರೆ ಸಾಕು, ಈಗಷ್ಟೇ ಯಾರಾದರೂ ನೀರು ಹಿಡಿದರೋ ಇಲ್ಲವೋ ಗೊತ್ತಾಗುತ್ತದೆ. ಮನೆಯವರು ಸುಳ್ಳು ಹೇಳಬಹುದು, ಪೈಪು ಹೇಳುವುದಿಲ್ಲ.

ಭಾವ ಹೋಗಿ ಹತ್ತೊಂಬತ್ತು ವರ್ಷವಾಯಿತು. ಹಲ್ಲಿನ ಡಾಕ್ಟರ ಮನೆಯ ತಾರಸಿಯಿಂದ ಬಿದ್ದರು. ಕಾಲು ಜಾರಿತು. ಕಾಲು ಜಾರಿದ್ದು ಹೀಟರಿನ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಫಲಕದಲ್ಲಿರುವುದು ಸರಿಯೇ ಇದೆ.

ಅವರು ಹೋದ ತಿಂಗಳಿಗೆ ನಾನೊಬ್ಬನೇ ಕೂರಿಸಿದ ಮೊದಲ ಹೀಟರು ನಿವೃತ್ತ ನರ್ಸಮ್ಮ ಒಬ್ಬರ ಮನೆಯದು. ಮರುದಿನ ಬೆಳಿಗ್ಗೆ ಭಾವನ ಪದ್ಧತಿ ಬಿಡಬಾರದೆಂದು ಹೋದೆ. ಬಚ್ಚಲುಮನೆಯ ನೆಲ ಒದ್ದೆಯಾಗಿತ್ತು. ಬಕೆಟ್ಟು ಬೋರಲು ಬಿದ್ದಿತ್ತು.

“ನಿಮ್ಮ ಜೊತೆಯವರು ಆಗಲೇ ಬಂದು ಹೋದ್ರಲ್ಲ” ಎಂದರು ನರ್ಸಮ್ಮ.

“ಯಾರಮ್ಮ? ನಾನೊಬ್ನೇ ಕೆಲಸ ಮಾಡೋದು.”

“ಅದೇನೋಪ್ಪ. ಮಾತು ಕಮ್ಮಿ ಅವರದ್ದು. ಮೊಣಕೈ ತನಕ ಕೈ ತೊಳ್ಕೊಂಡ್ರು. ಗಾಳಿ ಪೈಪು ತೆರೆದಿದೆಯಾ ಅಂತ ಕೇಳಿದ್ರು. ನಂಗೇನು ಗೊತ್ತು, ಫಿಟ್ಟರ್‌ನ ಕೇಳಿ ಅಂದೆ. ಅವನನ್ನೇ ಕೇಳಬೇಕು ಅಂತ ಹೇಳಿ ಹೋದ್ರು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಏಣಿ ಹತ್ತಿ ಮೇಲೆ ಹೋಗಿ ಗಾಳಿ ಪೈಪು ನೋಡಿದೆ. ತೆರೆದೇ ಇತ್ತು. ಆದರೂ ಇಳಿಯುವ ಮುಂಚೆ ಮತ್ತೆರಡು ಸಲ ನೋಡಿದೆ.

ಯಾರೋ ತಮಾಷೆ ಮಾಡಿರಬೇಕು ಎಂದುಕೊಂಡೆ. ಎರಡನೆಯ ಮನೆಯಲ್ಲೂ ಅದೇ. ಮುದ್ರಣಾಲಯದ ಯಜಮಾನರು ಹೇಳಿದರು: “ಸದ್ಯ, ನಿಮ್ಮ ಆ ಹಿರಿಯರು ಎಷ್ಟು ಜಾಗ್ರತೆ! ಗಾಳಿ ಪೈಪು ಗಾಳಿ ಪೈಪು ಅಂತ ಮೂರು ಸಲ ಕೇಳಿದ್ರು.” ಮೂರನೆಯ ಮನೆಗೆ ಜನ ಇನ್ನೂ ಬಂದಿರಲಿಲ್ಲ, ಬೀಗ ಹಾಕಿತ್ತು, ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಇನ್ನೊಂದು ಬೀಗದ ಕೈ ಯಾರ ಬಳಿಯೂ ಇರಲಿಲ್ಲ, ನಾನು ಕೇಳಿ ಖಚಿತ ಮಾಡಿಕೊಂಡಿದ್ದೆ. ಬೀಗ ತೆಗೆದು ಒಳಗೆ ಹೋಗಿ ಪೈಪು ಮುಟ್ಟಿದೆ. ಸಭಿಕರೇ, ಕೈ ಇಡಲಾಗದಷ್ಟು ಬಿಸಿ ಇತ್ತು.

ದೆವ್ವ ಪಿಶಾಚಿಗಳಿಗೆ ಕತ್ತಲೆ ಬೇಕು ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಎಲ್ಲವೂ ಬೆಳ್ಳಂಬೆಳಗಿನ ಬಿಸಿಲಿನಲ್ಲೇ. ನಗಬೇಡಿ. ಸರಿ, ನಗಿ, ನಾನೂ ಹಾಗೆಯೇ ನಕ್ಕು ಕಳೆಯಬೇಕೆಂದುಕೊಂಡಿದ್ದೆ. ಸಾವಿರದ ಇನ್ನೂರು ಮನೆ ಎಂದು ಬರೆಸಿದ್ದೀರಲ್ಲ, ಅವುಗಳಲ್ಲಿ ಭಾವನ ನಂತರದ ಒಂದೇ ಒಂದು ಮನೆಯಲ್ಲೂ ಕಳೆದ ವಾರದವರೆಗೂ ಮೊದಲ ಬಕೆಟ್ಟು ನನಗೆ ಸಿಕ್ಕಿರಲಿಲ್ಲ. ನಾನು ಎಂಟು ಗಂಟೆಗೆ ಹೋದರೆ ಏಳೂವರೆಗೆ, ಏಳಕ್ಕೆ ಹೋದರೆ ಆರೂವರೆಗೆ ಬಂದು ಹೋಗಿರುತ್ತಿದ್ದರು. ನಾನೇಕೆ ಅಷ್ಟು ಕಟ್ಟುನಿಟ್ಟಿನ ಕೆಲಸಗಾರನಾದೆ ಎಂದು ಇಂಜಿನಿಯರ್ ಸಾಹೇಬರು ಹೊಗಳಿದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೂರು ಮೂರು ಸಲ ಗಾಳಿ ಪೈಪು ನೋಡುತ್ತಾನೆ ಎಂದರು. ಸಾಹೇಬರೇ, ನನ್ನ ಹಿಂದೆ ತಪಾಸಣೆಗೆ ಬರುವವರು ಯಾರೆಂದು ನನಗೆ ಗೊತ್ತಿತ್ತು. ಅವರು ಯಾವ ಮನೆಯಲ್ಲಾದರೂ ಒಂದು ಹೆಚ್ಚಿನ ಮಾತು ಆಡಿಬಿಟ್ಟರೆ? ಕೇಳಿದವರು ಬಂದು ಇನ್ಯಾರಿಗಾದರೂ ಹೇಳಿಬಿಟ್ಟರೆ? ಹತ್ತೊಂಬತ್ತು ವರ್ಷ ಅದೇ ಭಯ, ಬಾಯಲ್ಲಿ ಬಿಸಿ ತುಪ್ಪ.

ನಾನು ಏನು ಹೇಳಲು ಹೊರಟಿದ್ದೆ? ಹೌದು, ಸೂರ್ಯಶಕ್ತಿ ಎಲ್ಲರ ಮನೆಗೂ ಬರಬೇಕು. ಆದರೆ ಅಕ್ಕನ ಮನೆಯಲ್ಲಿ ಹೀಟರು ಇರಲಿಲ್ಲ. ಊರಿಗೆಲ್ಲ ಬಿಸಿನೀರು ಕೊಟ್ಟವರ ಮನೆಯಲ್ಲಿ ಒಲೆಯ ಮೇಲೆ ಪಾತ್ರೆ. “ತಾರಸಿ ಮೇಲೆ ಏನೂ ಬೇಡಪ್ಪ, ನಿನ್ನ ಕೈ ಮುಗೀತೀನಿ” ಎನ್ನುತ್ತಿದ್ದಳು. ಕಳೆದ ವಾರ ಅವಳ ಮಗಳು ಹಟ ಹಿಡಿದು ಒಪ್ಪಿಸಿದಳು. ನಾನೇ ಹೋಗಿ ಕೂರಿಸಿದೆ. ಆ ದಿನ ಮನೆಗೆ ಬಂದ ಮೇಲೆ ನನಗೆ ಅನ್ನ ಸೇರಲಿಲ್ಲ. ನಾಳೆ ಭಾವ ತಮ್ಮ ಮನೆಗೆ ಬಂದು, ತಮ್ಮ ಹೆಂಡತಿಯನ್ನು ಆ ಪ್ರಶ್ನೆ ಕೇಳಿದರೆ ಏನು ಗತಿ?

ಬೆಳಗಾಗುವ ಮುಂಚೆ ಓಡಿದೆ. ಅಕ್ಕ ಬಾಗಿಲು ತೆಗೆದಳು. ಬಚ್ಚಲುಮನೆ ಒಣಗಿತ್ತು. ಬಕೆಟ್ಟು ನಾನು ಇಟ್ಟಂತೆಯೇ ಇತ್ತು. ಪೈಪು ಮುಟ್ಟಿದೆ, ತಣ್ಣಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮೊದಲ ಬಕೆಟ್ಟನ್ನು ನನಗೆ ಬಿಟ್ಟಿದ್ದರು. ನಿಮಗೆ ಇದು ಸಮಾಧಾನದ ವಿಷಯ ಎನಿಸಬಹುದು. ನನಗೆ ಮಾತ್ರ ಅಷ್ಟು ಮನೆಗಳಲ್ಲೂ ಆಗದ ಭಯ ಆ ತಣ್ಣನೆಯ ಪೈಪು ಹಿಡಿದಾಗ ಆಯಿತು. ಅವರು ಬರಲಿಲ್ಲ ಎಂದಲ್ಲ. ಬಂದು, ಹೊಸ್ತಿಲ ಆಚೆ ನಿಂತು, ನಾನು ಬಾಯಿ ಬಿಡಲಿ ಎಂದು ಕಾಯುತ್ತಿದ್ದಾರೆ ಎನಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಆಗ ಅಕ್ಕ ನನ್ನ ಕಾಲು ನೋಡಿ ಹೇಳಿದಳು: “ಚಪ್ಪಲಿ ಸವೆದಿದೆಯಲ್ಲೋ. ಇದನ್ನ ಹಾಕ್ಕೊಂಡು ಮೇಲೆ ಹತ್ತಬೇಡ. ನಾನು ಅವತ್ತು ಆ ಹೊಸ ಜೊತೆ ಕೊಟ್ಟಿದ್ರೆ ಅವ್ರು ಇವತ್ತು ಇರ್ತಿದ್ರು.”

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆ! ಭಾವನಿಗೆಂದು ಹೊಸ ಚಪ್ಪಲಿ ತಂದು, ಮಗಳ ಮದುವೆಗೆ ಹಾಕಿಕೊಳ್ಳಲಿ ಎಂದು ಬೀರುವಿನಲ್ಲಿ ಎತ್ತಿಟ್ಟಿದ್ದಳು. ಅವರು ಸವೆದ ಚಪ್ಪಲಿಯಲ್ಲೇ ತಾರಸಿ ಹತ್ತಿ ಜಾರಿದರು, ತನ್ನಿಂದಲೇ ಹೋದರು ಎಂದು ಹತ್ತೊಂಬತ್ತು ವರ್ಷದಿಂದ ತನ್ನನ್ನು ತಾನೇ ಹಳಿದುಕೊಳ್ಳುತ್ತಿದ್ದಾಳೆ. ಪ್ರತಿ ಸಲವೂ ನಾನು ಏನು ಹೇಳುತ್ತಿದ್ದೆ? “ಹೋಗಲಿ ಬಿಡಕ್ಕ, ನಿನ್ನ ತಪ್ಪಲ್ಲ” ಎನ್ನುತ್ತಿದ್ದೆ. ಯಾರ ತಪ್ಪು ಎಂದು ಒಂದು ದಿನವಾದರೂ ಹೇಳಿದೆನೇ?

ಅಧ್ಯಕ್ಷರೇ, ಗಂಟೆ ಬಾರಿಸಬೇಡಿ. ಇನ್ನು ಸ್ವಲ್ಪ ಮಾತ್ರ.

ಅಕ್ಕಾ, ಹೀಟರು ತೊಟ್ಟಿಕ್ಕಿ ಹೊಸ ಬಣ್ಣದ ಗೋಡೆ ಹಾಳಾಯಿತು ಎಂದು ಆ ಹಲ್ಲಿನ ಡಾಕ್ಟರು ದಿನವೂ ಕೂಗಾಡುತ್ತಿದ್ದರು. ಭಾವನಿಗೆ ಹೇಳದೆ ನಾನೇ ಹೋಗಿ ಗಾಳಿ ಪೈಪಿಗೆ ಮುಚ್ಚಳ ತಿರುಗಿಸಿ ಬಂದೆ. ಸಂಜೆ ನೀರು ಗೋಡೆಗೆ ಬೀಳದಂತೆ ಬಗ್ಗು ಪೈಪು ತಂದು ಸರಿಮಾಡುತ್ತೇನೆ ಎಂದುಕೊಂಡೆ, ಮರೆತೆ. ಡಾಕ್ಟರು ತಣ್ಣೀರಿನ ವಾಲ್ವನ್ನೂ ಮುಚ್ಚಿ ಮನೆಮಂದಿಯೊಂದಿಗೆ ಪ್ರವಾಸ ಹೋದರು. ಹನ್ನೆರಡು ದಿನ ಬಿಸಿಲು ಸುಡುತ್ತಿತ್ತು, ಒಂದು ತಂಬಿಗೆ ನೀರನ್ನೂ ಯಾರೂ ಹಿಡಿಯಲಿಲ್ಲ, ಆವಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಬಂದವರೇ ಟ್ಯಾಂಕು ಸದ್ದು ಮಾಡುತ್ತಿದೆ ಎಂದು ಫೋನು ಮಾಡಿದರು. ನಾನು ನಿನ್ನ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದೆ. “ನೀನು ಊಟ ಮಾಡು, ನಾನು ನೋಡಿ ಬರ್ತೀನಿ” ಎಂದು ಭಾವ ಹೊರಟರು. ಎರಡು ತುತ್ತಾದ ಮೇಲೆ ಮುಚ್ಚಳ ನೆನಪಾಯಿತು. ಫೋನು ಕೈಗೆಟಕುವಲ್ಲೇ ಇತ್ತು. ಹೇಳಿದರೆ ಬೈಯುತ್ತಾರೆ ಎಂದು ಸುಮ್ಮನಾದೆ. ಬರೀ ಬೈಗುಳಕ್ಕೆ ಹೆದರಿ, ಅಕ್ಕ. ಅವರು ಮುಚ್ಚಳ ಬಿಚ್ಚಿದರು, ಆವಿ ಮುಖಕ್ಕೆ ರಾಚಿತು, ಹಿಂದೆ ಹೆಜ್ಜೆ ಇಟ್ಟಲ್ಲಿ ತಾರಸಿ ಮುಗಿದಿತ್ತು. ಸುದ್ದಿ ಕೇಳಿ ಓಡಿ ಹೋದ ನಾನು, ಎಲ್ಲರೂ ಕೆಳಗೆ ಅವರ ಸುತ್ತ ಸೇರಿದ್ದಾಗ ಮೇಲೆ ಹೋಗಿ ಆ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡೆ. ಜನ ಚಪ್ಪಲಿ ನೋಡಿ ಕಾಲು ಜಾರಿತು ಎಂದರು. ನಾನು ಹೌದು ಎಂದೆ.

ನಾನು ತುತ್ತು ಕೈಯಲ್ಲಿ ಹಿಡಿದು ಕೂತಿದ್ದಾಗ ನೀನು ಕೇಳಿದೆ, “ಯಾಕೋ ಕೈ ನಿಂತೋಯ್ತು? ಉಪ್ಪು ಜಾಸ್ತಿ ಆಯ್ತಾ?” ಎಂದು. “ಹೌದಕ್ಕ, ಒಂಚೂರು ಜಾಸ್ತಿ” ಎಂದೆ. ಉಪ್ಪು ಸರಿಯಾಗಿತ್ತು ಅಕ್ಕ. ನಿನ್ನದು ಎಲ್ಲವೂ ಸರಿಯಾಗಿತ್ತು.

ಮಾನ್ಯರೇ, ಫಲಕವನ್ನು ಮೇಜಿನ ಮೇಲೆಯೇ ಬಿಟ್ಟಿದ್ದೇನೆ, ಅದು ನನ್ನದಲ್ಲ. ಅಕ್ಕ ಎದ್ದು ನಿಂತಿದ್ದಾಳೆ. ವೇದಿಕೆಯ ಕಡೆಗೆ ಬರುತ್ತಿದ್ದಾಳೋ ಬಾಗಿಲ ಕಡೆಗೆ ಹೋಗುತ್ತಿದ್ದಾಳೋ, ಕಣ್ಣಿಗೆ ಹೊಡೆಯುವ ಈ ದೀಪಗಳಲ್ಲಿ ನನಗೆ ಕಾಣುತ್ತಿಲ್ಲ. ಎರಡನೆಯ ಸಾಲಿನವರು ದಯವಿಟ್ಟು ಕಾಲು ಮಡಚಿಕೊಂಡು ಅವಳಿಗೆ ದಾರಿ ಬಿಡಿ. ಅವಳ ಪಕ್ಕದಲ್ಲಿ, ಮೊಣಕೈವರೆಗೆ ಒದ್ದೆಯಾದ ಕೈಗಳಲ್ಲಿ ನಡೆಯುತ್ತಿರುವವರಿಗೂ ಬಿಡಿ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.