ಗೋಡೆ ತುಂಬುವಷ್ಟು ಬೆಸುಗೆ

ಬೆಳಗಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನಡುವಯಸ್ಸಿನ ಹೆಂಗಸು, ತೋಳಿನ ಬಟ್ಟೆಯ ತುಂಬ ಕಿಡಿ ಸುಟ್ಟ ತೂತು. ಜೊತೆಗೆ ಅವಳ ತಂಗಿ.

“ಮೂರು ದಿನದಿಂದ ಊಟ ಸೇರ್ತಿಲ್ಲ ನಿಂಗೆ. ಈ ವಯಸ್ಸಲ್ಲಿ ವೆಲ್ಡಿಂಗ್ ಕಲಿಯೋದು ಯಾಕೆ ಬೇಕು? ಬಿಟ್ಬಿಡಕ್ಕ.”

“ಬಿಟ್ರೆ ಮೇಷ್ಟ್ರು ಗೆದ್ದಂಗೆ.”

“ನಿನ್ನ ಕೆಟ್ಟ ಬೆಸುಗೇನ ಹೆಸರು ಬರೆದು ಗೋಡೆಗೆ ನೇತುಹಾಕಿ ಎಲ್ಲರನ್ನೂ ನಗಿಸಿದ್ರಲ್ಲ.”

“ಇವತ್ತು ನನ್ನ ಪಕ್ಕದ ಹುಡುಗೀದು ಹಾಕ್ತಾರಂತೆ. ಅತ್ತೂ ಅತ್ತೂ ಅವಳ ಕಣ್ಣು ಊದಿತ್ತು ನಿನ್ನೆ.”

“ಅದಕ್ಕೆ ನೀನೇನ್ ಮಾಡೋಕಾಗತ್ತೆ?”

“ಕ್ಲಾಸಿನ ಹನ್ನೊಂದು ಜನಾನೂ ನಾವು ಕೆಡಿಸಿದ್ದಕ್ಕೆಲ್ಲ ನಾವೇ ಹೆಸರು ಬರೆದು ತರ್ತಿದ್ದೀವಿ. ಮೇಷ್ಟ್ರು ಬರೋದ್ರೊಳಗೆ ಗೋಡೆ ತುಂಬಿರತ್ತೆ. ಅವಳದಕ್ಕೆ ಮೊಳೆ ಹೊಡೆಯೋಕೂ ಜಾಗ ಇರಲ್ಲ.”

ಬಸ್ಸು ಬಂತು. ಅಕ್ಕನ ಚೀಲ ಎತ್ತಲು ಹೋದ ತಂಗಿ ಅರ್ಧಕ್ಕೇ ಕೆಳಗಿಟ್ಟಳು.

“ಇಷ್ಟು ಭಾರಾನಾ?”

“ನಾನೇನು ಕಮ್ಮಿ ಕೆಡಿಸಿದ್ದೀನಾ,” ಎಂದು ಚೀಲವನ್ನು ಹೆಗಲಿಗೇರಿಸಿಕೊಂಡು ಅಕ್ಕ ಬಸ್ಸು ಹತ್ತಿದಳು.