ಗಿಲಾಯಣ್ಣನ ಅಂಗೈ

ಬಾಗಿಲು ಮುಂದೆ ಮಾಡಿ, ಹೇಳ್ತೀನಿ. ನಗೋರು ಈಗಲೇ ನಕ್ಕುಬಿಡಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗ ಮೆಹಾರಿಗೆ ಆದದ್ದು.

ಕತ್ತಲಾಗಿತ್ತು. ಅಸ್ಮರಾ ಪಟ್ಟಣದಿಂದಾಚೆ, ಗುಡ್ಡದ ನೆತ್ತಿಯ ಊರು. ಬಾವಿ ಪಕ್ಕದ ಅತ್ತಿಮರದ ಕೆಳಗೆ ಮೆಹಾರಿ ಸೈಕಲ್ ತಳ್ಕೊಂಡು ಬರ್ತಿದ್ದ. ದಾರೀಲಿ ಪಂಕ್ಚರ್ ಆಗಿ ಹೊತ್ತು ಮೀರಿತ್ತು. ಹಾಕಿದ ತೇಪೆ ನಿಲ್ಲುತ್ತೋ ಇಲ್ಲವೋ ಅಂತ ನಾಲ್ಕು ಹೆಜ್ಜೆ ತಳ್ಳಿ ನೋಡ್ತಿದ್ದ. ಸಮುದ್ರದ ಕಡೆಯಿಂದ ಮಂಜು ಮೇಲೇರ್ತಾ ಇತ್ತು. ಬಾವಿ ರಾಟೆ ಒಂದೇ ಸಲ ಕೀಂ ಅಂತು... ಸುಮ್ಮನಾಯ್ತು. ಕಟ್ಟೆ ಮೇಲೆ ಯಾರೋ ಬಿಳಿ ಹೊದ್ದು ಕೂತಿದ್ರು.

"ಯಾರದು?"

"ನಾನೇ ಕಣೋ, ಸೆಮೆರೆ. ಮೆಲ್ಲಗೆ ಮಾತಾಡು."

ಹೋದ ಜೀವ ಬಂತು. ಸೆಮೆರೆ ಹಳೇ ಸವಾರರು, ಅದೇ ಊರವರು, ಈಗ ಸೈಕಲ್ ಸಂಘದ ತೀರ್ಪುಗಾರರು.

"ಈ ಹೊತ್ತಲ್ಲಿ ಏನೋ?"

"ಈ ವರ್ಷದ ಸೈಕಲ್ ಸ್ಪರ್ಧೆಯ ಸುತ್ತಿನ ದಾರಿ ಗೊತ್ತು ಮಾಡೋದು ನನ್ನ ಪಾಲಿಗೆ ಬಂದಿದೆಯಲ್ಲಣ್ಣ, ಅದನ್ನೇ ನೋಡ್ತಿದ್ದೀನಿ. ಈ ಸಲ ಉಲ್ಟಾ. ಎಲ್ಲರೂ ಹತ್ತೋ ಈ ಕಡಿದಾದ ಏರನ್ನ ಇಳಿಯೋದು. ಪಳಗಿದ ಸವಾರರಲ್ವಾ, ಕಷ್ಟ ಇರ್ಲಿ ಅಂತ."

ಸೆಮೆರೆ ಸಣ್ಣಗೆ ನಕ್ಕರು. "ಕಷ್ಟ ಅಂತೆ! ಅಕ್ಕನ ಮಗಳಿಗೋಸ್ಕರ ಗುಡ್ಡಾನೇ ತಿರುಗಿಸ್ತೀಯಲ್ಲೋ!"

ಸಿಕ್ಕಿಬಿದ್ದ ನಮ್ಮ ಮೆಹಾರಿ. ಆ ಅಕ್ಕನ ಮಗಳು ಲೂವಾಮ್ ಇಳಿಜಾರಲ್ಲಿ ಹದ್ದು, ಏರಲ್ಲಿ ಆಮೆ. ಈ ಸುತ್ತಲ್ಲಿ ಹಿಂದೆ ಬಿದ್ದರೆ ತಂಡದಲ್ಲಿ ಅವಳಿಗೆ ಜಾಗ ಇಲ್ಲ. ತಾಯಿಯಿಲ್ಲದ ಹುಡುಗಿ, ಎತ್ತಿ ಆಡಿಸಿದವನು ಇವನೇ. ಕರುಳು ಕೇಳಬೇಕಲ್ಲ!

"ಇದನ್ನ ಇಳೀಬೇಡ ಮೆಹಾರಿ. ಗಿಲಾಯ್ ಇದ್ದಾನೆ."

"ಯಾವ ಗಿಲಾಯ್?"

"ನಮ್ ಕಾಲದ ಸವಾರ. ಈ ಏರಲ್ಲಿ ಯಾರು ಸೋತ್ರೂ ಪಕ್ಕಕ್ಕೆ ಬಂದು ಬೆನ್ನಿಗೆ ಕೈ ಕೊಟ್ಟು ತಳ್ಳೋನು. ಸಾಕಣ್ಣಾ ಅನ್ನೋವರೆಗೂ ಕೈ ತೆಗೀತಿರಲಿಲ್ಲ ಮಹಾರಾಯ. ಅಂಗೈ ಸದಾ ಬೆವರು. ಹಂಗೇ ಒಬ್ಬನ್ನ ತಳ್ತಾ ತಳ್ತಾ ಇಲ್ಲೇ ಎದೆ ಬಡಿತ ನಿಂತು ಸತ್ತುಬಿದ್ದ." ದನಿ ಇನ್ನೂ ತಗ್ಗಿತು. "ಒಳ್ಳೇವನು ಕಣೋ... ಆದ್ರೆ ಅವನಿಗೆ ಹತ್ತೋದೊಂದೇ ಗೊತ್ತು."

"ಮಕ್ಕಳಿಗೆ ಹೇಳಣ್ಣ ಇದನ್ನ," ಅಂದವನೇ ಮೆಹಾರಿ ಸೈಕಲ್ ಹತ್ತಿ ಇಳಿದೇಬಿಟ್ಟ.

ಮೊದಲ ತಿರುವು, ಏನಿಲ್ಲ. ಪೆಡಲ್ ನಿಂತಿತ್ತು, ಹಿಂದಿನ ಚಕ್ರ ಟಿಕ್ ಟಿಕ್ ಟಿಕ್ ಅಂತಿತ್ತು. ದೀಪದ ಬೆಳಕು ಮಂಜಲ್ಲಿ ಮಾರುದೂರಕ್ಕೇ ನಿಲ್ತಿತ್ತು. ಎರಡನೇ ತಿರುವು ಕಳೀತು...

ಹಿಂದೆ ಚೈನಿನ ಸದ್ದು. ಕಿರ್ರ್... ಕಿರ್ರ್... ಭಾರ ಬಿದ್ದು ತುಳಿಯೋವಾಗ ಬರೋ ಸದ್ದು. ಇಳಿಜಾರಲ್ಲಿ ಯಾರು ಹಂಗೆ ತುಳೀತಾರೆ? ಅದರ ಜೊತೆಗೇ ಉಸಿರು. ಹೂಂ... ಹೂಂ... ಏರು ಹತ್ತೋನ ಏದುಸಿರು, ಕಿವಿ ಪಕ್ಕದಲ್ಲೇ.

ಸೊಂಟದ ಮೇಲೆ ಒಂದು ಅಂಗೈ ಕೂತಿತು. ಒದ್ದೆ ಅಂಗೈ.

ಮೆಲ್ಲಗೆ ತಳ್ತು.

ಮೆಹಾರಿ ಎರಡೂ ಬ್ರೇಕ್ ಹಿಚುಕಿದ. ಕ್ರೀಚ್ ಅಂತು, ರಬ್ಬರ್ ಸುಟ್ಟ ವಾಸನೆ ಬಂತು, ಸೈಕಲ್ ಮಾತ್ರ ನಿಲ್ಲಲಿಲ್ಲ. ಬ್ರೇಕ್ ಹಿಡಿದಷ್ಟೂ ಆ ಕೈ ಜೋರು ಮಾಡ್ತು. ಪಾಪ, ಹುಡುಗ ಸೋತ ಅಂದ್ಕೊಂಡಿತೋ ಏನೋ! ಮುಂದೆ ಮೋಟು ಗೋಡೆಯ ತಿರುವು, ಅದರಾಚೆ ಬರೀ ಪ್ರಪಾತ. ಕಣ್ಮುಂದೆ ಬಂದದ್ದು ತನ್ನ ಸಾವಲ್ಲ, ಇದೇ ತಿರುವಲ್ಲಿ ಲೂವಾಮ್.

"ಸಾಕು! ಸಾಕು ಗಿಲಾಯಣ್ಣಾ! ದೇವರು ನಿನಗೆ ಒಳ್ಳೇದು ಮಾಡ್ಲಿ!"

ಕೈ ಎರಡು ಸಲ ಬೆನ್ನು ತಟ್ಟಿತು. ಎದ್ದು ಹೋಯ್ತು.

ಮುಂದಿನ ಚಕ್ರ ಗೋಡೆಗೆ ತಾಗಿ ನಿಂತಿತ್ತು. ಉಳಿದ ದಾರಿ ಪೂರ್ತಿ ಅವನು ನಡೆದೇ ಇಳಿದ.

ಸುತ್ತು ಮತ್ತೆ ಹಳೇ ದಿಕ್ಕಿಗೇ ಬಂತು. ಲೂವಾಮ್ ಕೆಂಡಾಮಂಡಲ. "ನನ್ನ ಮುಳುಗಿಸೋಕೆ ಹೊರಗಿನವರೇ ಬೇಕಾ ಮಾವ? ನೀನೊಬ್ಬ ಸಾಕಲ್ಲ!"

"ಬೈಕೋ. ಆದ್ರೆ ಏರಲ್ಲಿ ಯಾರಾದ್ರೂ ಬೆನ್ನಿಗೆ ಕೈ ಕೊಟ್ರೆ, ಮೇಲೆ ಬಂದ ತಕ್ಷಣ ಸಾಕಣ್ಣಾ ಅನ್ನು. ಮರೀಬೇಡ."

"ತಲೆ ಕೆಟ್ಟಿದೆ ನಿಂಗೆ."

ಸ್ಪರ್ಧೆಯ ದಿನ, ಯಾರೂ ಯಾರನ್ನೂ ತಳ್ಳಬಾರದು ಅಂತ ಸೆಮೆರೆ ಕಣ್ಣಲ್ಲಿ ಕಣ್ಣಿಟ್ಟು ನೆತ್ತಿಯಲ್ಲೇ ನಿಂತಿದ್ರು. ಆಮೆ ಅಂದ್ನಲ್ಲ, ಆ ಹುಡುಗಿ ಮುಂದಿನ ಗುಂಪಲ್ಲೇ ಹತ್ತಿ ಬಂದ್ಳು. ಅವಳನ್ನ ತಳ್ಳೋಕೆ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ, ಸೆಮೆರೆ ಆಣೆ ಮಾಡಿ ಹೇಳ್ತಾರೆ. ಬಾವಿ ದಾಟೋವಾಗ ಮಾತ್ರ ಅವಳು ಹಿಂದಕ್ಕೆ ತಿರುಗದೇ ಏನೋ ಅಂದ್ಳಂತೆ... ತುಟಿ ಅಲುಗಿದ್ದು ಕಂಡ್ರಂತೆ. ಬಹುಮಾನ ಬರಲಿಲ್ಲ, ತಂಡದಲ್ಲಿ ಜಾಗ ಬಂತು.

ಆ ಸಂಜೆ ಅವಳ ಅಂಗಿ ಒಗೆದು ತಂತಿ ಮೇಲೆ ಹಾಕಿದ್ದು ನಮ್ಮ ದೊಡ್ಡಮ್ಮ. ಮೂರು ದಿನ ಸುಡುಬಿಸಿಲಲ್ಲಿ ಹಾಕಿದ್ರು. ತೋಳು ಒಣಗ್ತು, ಎದೆ ಒಣಗ್ತು. ಸೊಂಟದ ಮೇಲೆ ಅಂಗೈ ಅಗಲದ ಜಾಗ ಮಾತ್ರ ಒದ್ದೆ.

ಸುಳ್ಳು ಹೇಳಿದ್ರೆ ನನ್ನ ನಾಲಿಗೆ ಬಿದ್ದು ಹೋಗ್ಲಿ. ಹೋದ ವಾರ ಅವರ ಮನೆಗೆ ಹೋಗಿದ್ದೆ. ಅಂಗಿ ಇನ್ನೂ ತಂತಿ ಮೇಲಿದೆ. ಮುಟ್ಟಿ ನೋಡ್ದೆ... ಒಣಗಿಲ್ಲ.